ಚಾನೆಲ್ ನಿಂತರೆ, ವಿಡಿಯೊ ಕಾಣದಿದ್ದರೆ, ನೆಟ್ ಕಡಿತವಾದರೆ ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮೂರಿನ ಕೇಬಲ್‌ನಲ್ಲಿ ದಿನಾ ನೋಡುತ್ತಿದ್ದ ಒಂದು ಸುದ್ದಿ ಚಾನೆಲ್ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಕೇಬಲ್‌ನವರನ್ನು ಕೇಳಿದರೆ ‘ಮೇಲಿಂದಲೇ ಬರ್ತಿಲ್ಲ ಸಾರ್’ ಅನ್ನುತ್ತಾರೆ. ಫೋನಿನಲ್ಲಿ ಯಾರೋ ಕಳಿಸಿದ ವಿಡಿಯೊ ತೆರೆದರೆ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಅಂತ ಬರುತ್ತದೆ. ನನ್ನ ಮಗಳು ಇರುವ ಊರಲ್ಲಿ ಗಲಾಟೆ ಆದಾಗ ಎರಡು ದಿನ ನೆಟ್ಟೇ ಇರಲಿಲ್ಲ. ಇದಕ್ಕೆಲ್ಲ ಟ್ರಾಯ್‌ಗೆ ಬರೆಯಬೇಕಾ? ಎಲ್ಲವನ್ನೂ ನೋಡಿಕೊಳ್ಳುವ ಒಂದೇ ಸಂಸ್ಥೆ ಯಾಕಿಲ್ಲ?
– ತುಮಕೂರು ಜಿಲ್ಲೆಯ ಒಬ್ಬ ಓದುಗರು

ಉತ್ತರ:

ನೀವು ಹೇಳಿದ ಮೂರೂ ತೊಂದರೆ ನಿಮ್ಮ ಮನೆಯ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಆದರೆ ಮೂರರ ಹಿಂದೆಯೂ ಬೇರೆ ಬೇರೆ ಕೈಗಳಿವೆ, ಬೇರೆ ಬೇರೆ ಕಾನೂನುಗಳಿವೆ. ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಈ ಮೂರರಲ್ಲಿ ಒಂದನ್ನು ಮಾತ್ರ ಮುಟ್ಟಬಲ್ಲದು, ಅದೂ ಅರ್ಧ.

ಟ್ರಾಯ್ ಹುಟ್ಟಿದ್ದು 1997ರ ಕಾಯ್ದೆಯಿಂದ. ಮೊದಲು ಫೋನ್ ಸೇವೆ ಮಾತ್ರ ಅದರ ಕೈಯಲ್ಲಿತ್ತು. 2004ರ ಜನವರಿಯಲ್ಲಿ ಕೇಬಲ್ ಮತ್ತು ಪ್ರಸಾರ ಸೇವೆಗಳನ್ನೂ ಸೇರಿಸಿದರು. ಅದು ನೋಡಿಕೊಳ್ಳುವುದು ತಂತಿಯ ವಿಷಯ: ದರ, ಗುಣಮಟ್ಟ, ಒಂದು ಕಂಪನಿ ಇನ್ನೊಂದಕ್ಕೆ ಸಿಗ್ನಲ್ ಕೊಡುವ ಷರತ್ತು. ತಂತಿಯೊಳಗೆ ಹರಿಯುವ ಸುದ್ದಿ, ಸಿನಿಮಾ, ಮಾತು ಅದರ ವ್ಯಾಪ್ತಿಗೆ ಬರುವುದಿಲ್ಲ. ಟಿವಿಯಲ್ಲಿ ಏನು ತೋರಿಸಬಹುದು ಎನ್ನುವುದನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯ ನೋಡುತ್ತದೆ. ಇಂಟರ್ನೆಟ್‌ನಲ್ಲಿ ಏನಿರಬಾರದು ಎನ್ನುವುದನ್ನು ಮುಖ್ಯವಾಗಿ ಐಟಿ ಸಚಿವಾಲಯ ನೋಡುತ್ತದೆ. ನೆಟ್ ಕಡಿತದ ಆದೇಶ ಗೃಹ ಇಲಾಖೆಯಿಂದ ಬರುತ್ತದೆ. ಈ ವಿಂಗಡಣೆಯ ಉದ್ದೇಶ ಒಳ್ಳೆಯದೇ. ತಂತಿ ನೋಡಿಕೊಳ್ಳುವವರು ಮಾತಿಗೆ ಕೈಹಾಕಬಾರದು. ತೊಂದರೆ ಶುರುವಾಗುವುದು ಮಾತನ್ನು ನಿಲ್ಲಿಸಲು ತಂತಿಯನ್ನೇ ಹಿಡಿದಾಗ. ನಿಮ್ಮ ಮೂರು ಪ್ರಶ್ನೆಗಳಲ್ಲೂ ಅದೇ ನಡೆದಿರಬಹುದು.

ಮೊದಲು ಚಾನೆಲ್. ಸಿಗ್ನಲ್ ನಿಮ್ಮ ಮನೆಗೆ ಬರುವ ದಾರಿ ಹೀಗಿದೆ. ಚಾನೆಲ್‌ನವರು ಉಪಗ್ರಹಕ್ಕೆ ಕಳಿಸುತ್ತಾರೆ. ಅದನ್ನು ಇಳಿಸಿಕೊಂಡು ನೂರಾರು ಚಾನೆಲ್‌ಗಳನ್ನು ಒಟ್ಟು ಮಾಡುವವರು ಎಂಎಸ್‌ಒ. ಅವರಿಂದ ಪಡೆದು ನಿಮ್ಮ ಬೀದಿಗೆ ವೈರ್ ಎಳೆಯುವವರು ನಿಮ್ಮೂರಿನ ಕೇಬಲ್ ಆಪರೇಟರ್. ‘ಮೇಲಿಂದಲೇ ಬರ್ತಿಲ್ಲ’ ಎಂದರೆ ಸಾಮಾನ್ಯವಾಗಿ ಎಂಎಸ್‌ಒ ಮಟ್ಟದಲ್ಲೇ ನಿಂತಿದೆ ಎಂದರ್ಥ. ಹಾಗಾಗಿ ನಿಮ್ಮ ಕೇಬಲ್‌ನವರು ಸುಳ್ಳು ಹೇಳುತ್ತಿಲ್ಲದಿರಬಹುದು.

ಇಲ್ಲಿ ಟ್ರಾಯ್ ನಿಯಮ ಗಟ್ಟಿಯಾಗಿಯೇ ಇದೆ. ಚಾನೆಲ್ ಕಂಪನಿ ತನ್ನ ಸಿಗ್ನಲ್ ಅನ್ನು ಎಲ್ಲ ವಿತರಕರಿಗೂ ತಾರತಮ್ಯವಿಲ್ಲದೆ ಕೊಡಬೇಕು. ವಿತರಕರೂ ಅಷ್ಟೇ, ಜಾಗ ಇರುವಷ್ಟು ಮಟ್ಟಿಗೆ, ಕೇಳಿದ ಎಲ್ಲ ಚಾನೆಲ್‌ಗಳನ್ನೂ ಹೊರಬೇಕು. ಹೊರುವುದಕ್ಕೆ ತೆಗೆದುಕೊಳ್ಳುವ ಹಣಕ್ಕೂ 2017ರ ನಿಯಮ ಮಿತಿ ಹಾಕಿತು. ಎಚ್‌ಡಿ ಅಲ್ಲದ ಸಾಮಾನ್ಯ ಚಾನೆಲ್ ಒಂದಕ್ಕೆ, ಒಬ್ಬ ಚಂದಾದಾರರಿಗೆ, ತಿಂಗಳಿಗೆ ಹೆಚ್ಚೆಂದರೆ 20 ಪೈಸೆ ಅಂತ. ಅದಕ್ಕೂ ಮೊದಲು ಸಣ್ಣ ಚಾನೆಲ್‌ಗಳು ಈ ಹಣ ಹೊಂದಿಸಲಾಗದೆ ಸೋತುಹೋಗುತ್ತಿದ್ದವು. ಒಂದು ಚಾನೆಲ್ ನಿಲ್ಲಿಸುವುದಾದರೆ ಮೂರು ವಾರ ಮೊದಲೇ ಲಿಖಿತ ನೋಟಿಸ್ ಕೊಡಬೇಕು ಎಂಬ ನಿಯಮವೂ ಇದೆ. ನಿಮ್ಮಲ್ಲಿ ಹೇಳದೆ ಕೇಳದೆ ನಿಂತಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಆ ನೋಟಿಸ್ ಎಲ್ಲಿ?

ಆದರೆ ಎಲ್ಲ ಸಲವೂ ಕಾರಣ ದುಡ್ಡೇ ಆಗಿರುವುದಿಲ್ಲ. 2014ರ ಜೂನ್‌ನಲ್ಲಿ ತೆಲಂಗಾಣ ಹೊಸ ರಾಜ್ಯವಾದ ಬೆನ್ನಲ್ಲೇ ಅಲ್ಲಿನ ಎಂಎಸ್‌ಒಗಳು ಟಿವಿ9 ಮತ್ತು ಎಬಿಎನ್ ಆಂಧ್ರಜ್ಯೋತಿ ಚಾನೆಲ್‌ಗಳನ್ನು ನಿಲ್ಲಿಸಿದರು. ಹೊಸ ಶಾಸಕರನ್ನು ಹಗುರವಾಗಿ ತೋರಿಸಿದ ಕಾರ್ಯಕ್ರಮ ಒಂದು ಕಾರಣವಾಗಿತ್ತು. ಹತ್ತು ವರ್ಷದ ನಂತರ, 2024ರ ಜೂನ್‌ನಲ್ಲಿ, ಆಂಧ್ರದಲ್ಲಿ ಸರ್ಕಾರ ಬದಲಾದಾಗ ಕೆಲವು ತೆಲುಗು ಸುದ್ದಿ ಚಾನೆಲ್‌ಗಳು ಕೇಬಲ್‌ನಿಂದ ಕಾಣೆಯಾದವು. ಆಡಳಿತ ಪಕ್ಷ ತನ್ನ ಕೈವಾಡ ಇಲ್ಲ ಎಂದಿತು. ದೆಹಲಿ ಹೈಕೋರ್ಟ್ 15 ಎಂಎಸ್‌ಒಗಳಿಗೆ ಟಿವಿ9 ಪ್ರಸಾರ ಮತ್ತೆ ಶುರುಮಾಡಿ ಎಂದು ಹೇಳಬೇಕಾಯಿತು. ಕಾಗದದ ಮೇಲೆ ಒಂದು ಸರ್ಕಾರಿ ಆದೇಶವೂ ಇಲ್ಲದೆ ಲಕ್ಷಾಂತರ ಮನೆಗಳಲ್ಲಿ ಚಾನೆಲ್ ನಿಲ್ಲಬಹುದು ಎನ್ನುವುದೇ ಭಯ ಹುಟ್ಟಿಸುವ ಸಂಗತಿ. ಪ್ರಶ್ನಿಸೋಣ ಎಂದರೆ ಹಿಡಿದು ತೋರಿಸಲು ಆದೇಶವೇ ಇರುವುದಿಲ್ಲ. ರಾಜ್ಯ ಸರ್ಕಾರಗಳು, ರಾಜಕೀಯ ಪಕ್ಷಗಳು ಪ್ರಸಾರ ಮತ್ತು ವಿತರಣೆಯ ವ್ಯವಹಾರದಲ್ಲಿ ಇರಲೇಬಾರದು ಎಂದು ಟ್ರಾಯ್ ಒಂದಕ್ಕಿಂತ ಹೆಚ್ಚು ಸಲ ಶಿಫಾರಸು ಮಾಡಿದೆ. ಅದು ಇನ್ನೂ ಕಾನೂನಾಗಿಲ್ಲ.

ಕರ್ನಾಟಕದಲ್ಲೂ ಒಂದು ಪ್ರಕರಣ ನಡೆಯಿತು, ಬೇರೆ ದಾರಿಯಲ್ಲಿ. ಪವರ್ ಟಿವಿಯ ಪರವಾನಗಿ ನವೀಕರಣ ಬಾಕಿ ಇತ್ತು. ಅದೇ ಕಾರಣಕ್ಕೆ 2024ರ ಜೂನ್‌ನಲ್ಲಿ ನಮ್ಮ ಹೈಕೋರ್ಟ್ ಅದರ ಪ್ರಸಾರಕ್ಕೆ ತಡೆ ಹಾಕಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಮೇಲ್ನೋಟಕ್ಕೆ ಇದು ರಾಜಕೀಯ ದ್ವೇಷದಂತೆ ಕಾಣುತ್ತದೆ ಎಂದೂ ಹೇಳಿತು. ಆ ಚಾನೆಲ್ ನಿಮಗೆ ಇಷ್ಟವಿರಬಹುದು, ಇಲ್ಲದಿರಬಹುದು. ಪರವಾನಗಿ ಕಾಗದ ಎನ್ನುವುದು ತಂತಿಯ ವಿಷಯ. ಅದನ್ನು ಬಳಸಿ ಸುದ್ದಿ ನಿಲ್ಲಿಸಬಹುದಾದರೆ ಯಾವ ಚಾನೆಲ್ಲೂ ಸುರಕ್ಷಿತವಲ್ಲ. ಮಲಯಾಳದ ಮೀಡಿಯಾಒನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಇದನ್ನೇ ಬಿಡಿಸಿ ಹೇಳಿತು. ದೇಶದ ಭದ್ರತೆ ಎಂಬ ಒಂದು ಮಾತು ಹೇಳಿ, ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿ ಇಟ್ಟು, ಚಾನೆಲ್‌ನ ಪರವಾನಗಿ ನಿರಾಕರಿಸುವ ಹಾಗಿಲ್ಲ ಎಂದಿತು.

ಇಂಟರ್ನೆಟ್‌ನಲ್ಲೂ ತಂತಿಯ ಮಾಲೀಕರು ಮಾತನ್ನು ಆಯ್ದುಕೊಳ್ಳಲು ಒಂದು ಸಲ ಜೋರಾಗಿ ಪ್ರಯತ್ನಿಸಿದ್ದರು. 2015ರಲ್ಲಿ ಫೇಸ್‌ಬುಕ್ ಒಂದು ಮೊಬೈಲ್ ಕಂಪನಿಯ ಜೊತೆ ಸೇರಿ ಆಯ್ದ ಕೆಲವು ಸೈಟುಗಳನ್ನು ಪುಕ್ಕಟೆ ಕೊಡುವ ಯೋಜನೆ ತಂದಿತು. ಅದೇ ಮುಂದೆ ಫ್ರೀ ಬೇಸಿಕ್ಸ್ ಆಯಿತು. ಬಡವರಿಗೆ ಪುಕ್ಕಟೆ ಸಿಕ್ಕರೆ ಏನು ತಪ್ಪು ಎಂದು ಆಗ ತುಂಬಾ ಜನ ಕೇಳಿದರು. ನಮ್ಮ ಕೆರೆ ಬಯಲಿನ ನೀರುಗಂಟಿಯನ್ನು ನೆನೆಸಿಕೊಳ್ಳಿ. ಸರದಿಯಂತೆ ಪ್ರತಿ ಗದ್ದೆಗೂ ನೀರು ಬಿಡುವುದು ಅವನ ಕೆಲಸ. ರಾಗಿಗೆ ಕಮ್ಮಿ, ತನಗೆ ಪಾಲು ಕೊಡುವವನ ಕಬ್ಬಿಗೆ ಜಾಸ್ತಿ ಎಂದು ಅವನೇ ತೀರ್ಮಾನ ಮಾಡಿದರೆ ಊರಲ್ಲಿ ಯಾರು ಏನು ಬೆಳೆಯಬೇಕು ಎನ್ನುವುದೂ ಅವನ ಕೈಗೆ ಹೋಗುತ್ತದೆ, ಅಲ್ವಾ? ಆ ವರ್ಷ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. 2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ಹೊರಡಿಸಿತು: ಒಳಗಿನ ವಿಷಯ ನೋಡಿ ಡೇಟಾಗೆ ಬೇರೆ ಬೇರೆ ದರ ಹಾಕುವ ಹಾಗಿಲ್ಲ. ಮುರಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ದಂಡ. ಟ್ರಾಯ್ ಮಾಡಿದ ಕೆಲಸಗಳಲ್ಲಿ ಇದು ಅತ್ಯುತ್ತಮವಾದದ್ದು ಎಂದು ನಾನು ನಂಬುತ್ತೇನೆ. ಇವತ್ತು ಯಾವುದೋ ಹಳ್ಳಿಯ ಹುಡುಗಿ ಕನ್ನಡದಲ್ಲಿ ಶುರುಮಾಡುವ ಸೈಟು, ಅಮೆರಿಕದ ದೊಡ್ಡ ಕಂಪನಿಯ ಸೈಟು ಎರಡಕ್ಕೂ ಡೇಟಾ ದರ ಒಂದೇ ಇರುವುದು ಇದರಿಂದಲೇ.

ಈಗ ನಿಮ್ಮ ವಿಡಿಯೊ. ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎನ್ನುವುದಕ್ಕೆ ಕಾರಣ ಹಲವು ಇರಬಹುದು. ಹಾಡಿನ ಹಕ್ಕು ಭಾರತಕ್ಕೆ ಇಲ್ಲದಿರಬಹುದು. ನ್ಯಾಯಾಲಯ ತೆಗೆಯಲು ಹೇಳಿರಬಹುದು. ಅಥವಾ ಸರ್ಕಾರ ಹೇಳಿರಬಹುದು. ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೋಡುಗರಿಗೆ ಅತಿ ಕಡಿಮೆ ಮಾಹಿತಿ ಸಿಗುವುದು ಅಲ್ಲೇ.

ಐಟಿ ಕಾಯ್ದೆಯ 69ಎ ಕಲಂ ಪ್ರಕಾರ ಕೇಂದ್ರ ಸರ್ಕಾರ ಇಂಟರ್ನೆಟ್‌ನ ಯಾವುದೇ ಪುಟವನ್ನು ತಡೆಯಲು ಆದೇಶ ಕೊಡಬಹುದು. ಮನಸ್ಸಿಗೆ ಬಂದ ಹಾಗಲ್ಲ. ದೇಶದ ಸಾರ್ವಭೌಮತೆ, ರಕ್ಷಣೆ, ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಶಾಂತಿ, ಇವುಗಳಿಗೆ ಧಕ್ಕೆ ತರುವ ಅಪರಾಧಕ್ಕೆ ಪ್ರಚೋದನೆ, ಇಷ್ಟೇ ಕಾರಣಗಳು. ‘ಸರ್ಕಾರವನ್ನು ಟೀಕಿಸಿದ್ದಾರೆ’ ಎನ್ನುವುದು ಈ ಪಟ್ಟಿಯಲ್ಲಿ ಇಲ್ಲ. 2009ರ ನಿಯಮಗಳ ಪ್ರಕಾರ ಒಂದು ಸಮಿತಿ ಕೂರಬೇಕು. ವಿಷಯ ಹಾಕಿದವರಿಗೆ ಅಥವಾ ಕಂಪನಿಗೆ ಉತ್ತರ ಕೊಡಲು ಕನಿಷ್ಠ 48 ಗಂಟೆ ಸಮಯ ಕೊಡಬೇಕು. ತುರ್ತು ಇದ್ದರೆ ಮೊದಲು ತಡೆದು, 48 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್‌ನಲ್ಲಿ ‘ಆಕ್ಷೇಪಾರ್ಹ’ ಸಂದೇಶ ಹಾಕುವುದನ್ನೇ ಅಪರಾಧ ಮಾಡಿದ್ದ 66ಎ ಕಲಂ ಅನ್ನು ರದ್ದು ಮಾಡಿತು, ಆದರೆ 69ಎ ಉಳಿಸಿತು. ಉಳಿಸಿದ್ದಕ್ಕೆ ಕೊಟ್ಟ ಕಾರಣ ಈ ಎಚ್ಚರಿಕೆಗಳೇ. ಕಾರಣ ಲಿಖಿತವಾಗಿ ಇರುತ್ತದೆ, ವಿಷಯ ಬರೆದವರು ಸಿಕ್ಕರೆ ಅವರ ಮಾತನ್ನೂ ಕೇಳುತ್ತಾರೆ, ಆದ್ದರಿಂದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂದು ಹೇಳಿತು.

ಆದರೆ ಅದೇ ನಿಯಮಗಳ 16ನೇ ನಿಯಮ ಎಲ್ಲವನ್ನೂ ಗುಟ್ಟಾಗಿಡಬೇಕು ಎನ್ನುತ್ತದೆ. ಆದೇಶ ಹೋಗುವುದು ಕಂಪನಿಗೆ. ವಿಡಿಯೊ ಮಾಡಿದವರಿಗೆ ಬಹಳ ಸಲ ಗೊತ್ತಾಗುವುದು ನಿಮಗೆ ಗೊತ್ತಾದ ಹಾಗೆಯೇ, ಪರದೆಯ ಮೇಲೆ ಒಂದು ಸಾಲು ನೋಡಿ. ಕಾರಣವೇ ಕೈಗೆ ಸಿಗದಿದ್ದರೆ ಯಾವ ಕೋರ್ಟಿಗೆ ಏನಂತ ಹೋಗುವುದು?

ಈ ವಿಷಯದ ದೊಡ್ಡ ಮೊಕದ್ದಮೆಗಳು ನಡೆದಿದ್ದು ಬೆಂಗಳೂರಿನಲ್ಲೇ. 2022ರಲ್ಲಿ ಆಗಿನ ಟ್ವಿಟರ್ ಕಂಪನಿ 69ಎ ಆದೇಶಗಳನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಬಂತು. 2023ರ ಜೂನ್ 30ರಂದು ನ್ಯಾಯಾಲಯ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಎರಡನೇ ಮೊಕದ್ದಮೆ ಇನ್ನೂ ಮುಖ್ಯವಾದದ್ದು. ಐಟಿ ಕಾಯ್ದೆಯಲ್ಲಿ 79 ಎಂಬ ಇನ್ನೊಂದು ಕಲಂ ಇದೆ. ಬಳಕೆದಾರರು ಹಾಕಿದ್ದಕ್ಕೆ ಕಂಪನಿ ಹೊಣೆಯಲ್ಲ ಎಂಬ ರಕ್ಷಣೆ ಕೊಡುವುದು ಅದರ ಕೆಲಸ. ಕಾನೂನುಬಾಹಿರ ವಿಷಯ ಇದೆ ಎಂದು ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. ಈ ಒಂದು ಉಪಕಲಂ ಹಿಡಿದುಕೊಂಡು ಕೇಂದ್ರ ಸರ್ಕಾರ ಸಹಯೋಗ್ ಎಂಬ ಪೋರ್ಟಲ್ ಮಾಡಿತು. ಅದರ ಮೂಲಕ ಹಲವು ಇಲಾಖೆಗಳು, ರಾಜ್ಯಗಳ ಪೊಲೀಸರು ನೇರವಾಗಿ ಕಂಪನಿಗಳಿಗೆ ‘ತೆಗೆಯಿರಿ’ ಎಂದು ಕಳಿಸಬಹುದು. ಎಕ್ಸ್ ಕಂಪನಿ (ಅದೇ ಹಳೆಯ ಟ್ವಿಟರ್) ಇದನ್ನು ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ಹೈಕೋರ್ಟ್ ಆ ಅರ್ಜಿಯನ್ನೂ ವಜಾ ಮಾಡಿತು. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಭಾರತದ ನಾಗರಿಕರದ್ದು, ವಿದೇಶಿ ಕಂಪನಿಯದ್ದಲ್ಲ ಎಂದಿತು. ಕಂಪನಿ ಮೇಲ್ಮನವಿಗೆ ಹೋಗಿದೆ.

ಕಂಪನಿಗಳಿಗೆ ನಮ್ಮ ಕಾನೂನು ಅನ್ವಯಿಸಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಮಕ್ಕಳ ಅಶ್ಲೀಲ ಚಿತ್ರ, ಹೆಣ್ಣುಮಕ್ಕಳ ನಕಲಿ ವಿಡಿಯೊ, ಕೊಲೆಗೆ ಕರೆ ಕೊಡುವ ಪೋಸ್ಟ್ ಗಂಟೆಗಳೊಳಗೆ ಹೋಗಬೇಕು. ನನ್ನ ತಕರಾರು ದಾರಿಯ ಬಗ್ಗೆ. 69ಎ ದಾರಿಯಲ್ಲಿ ಸಮಿತಿ ಇದೆ, ನೋಟಿಸ್ ಇದೆ, ಸೀಮಿತ ಕಾರಣಗಳಿವೆ. 79ರ ದಾರಿಯಲ್ಲಿ ಬರೆದವರನ್ನು ಕೇಳುವ ಏರ್ಪಾಡೇ ಇಲ್ಲ. ಒಂದೇ ಕೆಲಸಕ್ಕೆ ಕಷ್ಟದ ದಾರಿ, ಸುಲಭದ ದಾರಿ ಎರಡೂ ಇದ್ದರೆ ಅಧಿಕಾರಿಗಳು ಸುಲಭದ ದಾರಿಯನ್ನೇ ಹಿಡಿಯುತ್ತಾರೆ. 2025ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿ, ಇಂಥ ಸೂಚನೆಯನ್ನು ಜಂಟಿ ಕಾರ್ಯದರ್ಶಿ ಮಟ್ಟದ, ಪೊಲೀಸರಾದರೆ ಡಿಐಜಿ ಮಟ್ಟದ ಅಧಿಕಾರಿಯೇ ಕಾರಣ ಬರೆದು ಕೊಡಬೇಕು ಎಂದು ಮಾಡಿದರು. ಮೊದಲಿಗಿಂತ ವಾಸಿ. ಆದರೂ ಮಾತಾಡಿದವರಿಗೆ ಅಲ್ಲಿ ಕುರ್ಚಿ ಇಲ್ಲ. ಹೈಕೋರ್ಟ್ ಹೇಳಿದ್ದು ಸರಿ, ಆ ಹಕ್ಕು ನಾಗರಿಕರದ್ದೇ. ಹಾಗಿದ್ದ ಮೇಲೆ ಆ ನಾಗರಿಕರಿಗೇ ನೋಟಿಸ್ ಹೋಗಬೇಕಲ್ಲ?

ಇನ್ನು ನಿಮ್ಮ ಮಗಳ ಊರಿನ ನೆಟ್ ಕಡಿತ. ತಂತಿ ಮತ್ತು ಮಾತಿನ ನಡುವಿನ ಗೆರೆ ಪೂರ್ತಿ ಅಳಿಸಿಹೋಗುವುದು ಇಲ್ಲಿ. ಒಂದು ಸುಳ್ಳು ಸುದ್ದಿ ನಿಲ್ಲಿಸಲು ಇಡೀ ಜಿಲ್ಲೆಯ ಎಲ್ಲ ಮಾತನ್ನೂ ನಿಲ್ಲಿಸುತ್ತಾರೆ.

ಇದಕ್ಕೆ ಬೇರು ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಗಾಗಿ ಸಂದೇಶಗಳನ್ನು ತಡೆಯಬಹುದು, ಕದ್ದು ಕೇಳಬಹುದು ಎಂದು ಅದರ 5ನೇ ಕಲಂ ಹೇಳುತ್ತಿತ್ತು. 1988ರಲ್ಲಿ ದೂರವಾಣಿ ಕದ್ದಾಲಿಕೆ ಆರೋಪದ ಮೇಲೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ನಿಮಗೆ ನೆನಪಿರಬಹುದು. ಆ ಕದ್ದಾಲಿಕೆಯ ಅಧಿಕಾರವೂ ಇದೇ ಕಲಮಿನದ್ದು. ನೆಟ್ ಕಡಿತಕ್ಕೆ ಮೊದಲು ಜಿಲ್ಲಾಧಿಕಾರಿಗಳು 144ನೇ ಸೆಕ್ಷನ್ ಬಳಸುತ್ತಿದ್ದರು. 2017ರಲ್ಲಿ ಪ್ರತ್ಯೇಕ ನಿಯಮ ಬಂತು. ಆದೇಶ ಕೊಡಬೇಕಾದವರು ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಐದು ಕೆಲಸದ ದಿನಗಳೊಳಗೆ ಒಂದು ಸಮಿತಿ ಅದನ್ನು ಪರಿಶೀಲಿಸಬೇಕು.

ಜಮ್ಮು-ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ 4ಜಿ ಸೇವೆ ಪೂರ್ತಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಈ ನಡುವೆ, 2020ರ ಜನವರಿ 10ರಂದು, ಆ ಕಡಿತವನ್ನು ಪ್ರಶ್ನಿಸಿದ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ಮುಖ್ಯ ಮಾತು ಹೇಳಿತು. ಇಂಟರ್ನೆಟ್ ಮೂಲಕ ಮಾತಾಡುವುದು, ವ್ಯಾಪಾರ ಮಾಡುವುದು 19ನೇ ವಿಧಿಯ ರಕ್ಷಣೆಯಲ್ಲಿದೆ. ಅನಿರ್ದಿಷ್ಟ ಕಾಲ ನಿಲ್ಲಿಸುವ ಹಾಗಿಲ್ಲ. ಆದೇಶವನ್ನು ಪ್ರಕಟಿಸಲೇಬೇಕು. ನಮ್ಮ ಮಂಗಳೂರಿನಲ್ಲೂ 2019ರ ಡಿಸೆಂಬರ್‌ನಲ್ಲಿ ಗೋಲಿಬಾರ್ ಆದಾಗ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ 48 ಗಂಟೆ ನಿಲ್ಲಿಸಿದ್ದರು.

ಗಲಭೆಯ ಹೊತ್ತಿನಲ್ಲಿ ವಾಟ್ಸಾಪ್ ಸುಳ್ಳುಗಳು ಜೀವ ತೆಗೆಯುತ್ತವೆ, ಇದು ನಿಜ. ಸ್ಥಳದಲ್ಲಿರುವ ಪೊಲೀಸರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನೆಟ್ ನಿಂತಾಗ ಸುಳ್ಳಿನ ಜೊತೆ ಅದನ್ನು ಅಲ್ಲಗಳೆಯುವ ಪೊಲೀಸ್ ಪ್ರಕಟಣೆಯೂ ನಿಲ್ಲುತ್ತದೆ. ತರಕಾರಿ ಗಾಡಿಯವರ ಕ್ಯೂಆರ್ ಕೋಡ್ ಸತ್ತುಹೋಗುತ್ತದೆ. ಡೆಲಿವರಿ ಹುಡುಗರಿಗೆ ಅವತ್ತಿನ ಕೂಲಿ ಇಲ್ಲ. ಆಸ್ಪತ್ರೆಯಿಂದ ವರದಿ ಬರುವುದಿಲ್ಲ. ಮನೆಯವರು ಎಲ್ಲಿದ್ದಾರೆ ಎಂದು ತಿಳಿಯಲು ಪರದಾಡುವ ತಾಯಂದಿರ ಭಯ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಷ್ಟು ದೊಡ್ಡ ಬೆಲೆ ಕೊಟ್ಟು ಶಾಂತಿ ಬಂತಾ ಎಂದು ತೋರಿಸಬೇಕಾದವರು ಆದೇಶ ಕೊಟ್ಟವರು. 2021ರ ಡಿಸೆಂಬರ್‌ನಲ್ಲಿ ಸಂಸತ್ತಿನ ಐಟಿ ಸ್ಥಾಯಿ ಸಮಿತಿ ವಿಚಾರಿಸಿದಾಗ ಕೇಂದ್ರದ ಇಲಾಖೆಗಳು ನೆಟ್ ಕಡಿತಗಳ ದಾಖಲೆಯನ್ನೇ ಇಟ್ಟಿಲ್ಲ ಎನ್ನುವುದು ಹೊರಬಂತು. ಪರಿಶೀಲನಾ ಸಮಿತಿಯಲ್ಲಿ ನಿವೃತ್ತ ನ್ಯಾಯಾಧೀಶರಂಥ ಹೊರಗಿನವರು ಇರಲಿ ಎಂದೂ ಅದು ಹೇಳಿತು. 2023ರ ದೂರಸಂಪರ್ಕ ಕಾಯ್ದೆ ಹಳೆಯ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಬಂದಿದೆ. ಅದರ ಅಡಿಯಲ್ಲಿ 2024ರಲ್ಲಿ ಹೊಸ ನಿಯಮಗಳೂ ಬಂದವು. ಆದೇಶ ಪ್ರಕಟಿಸಬೇಕು, 15 ದಿನ ಮೀರಬಾರದು ಎಂದು ಅವುಗಳಲ್ಲಿದೆ. ಪರಿಶೀಲನಾ ಸಮಿತಿಯಲ್ಲಿ ಮಾತ್ರ ಇವತ್ತಿಗೂ ಸರ್ಕಾರದ ಕಾರ್ಯದರ್ಶಿಗಳೇ ಇದ್ದಾರೆ. ಗೃಹ ಕಾರ್ಯದರ್ಶಿಯ ಆದೇಶವನ್ನು ಮುಖ್ಯ ಕಾರ್ಯದರ್ಶಿ ನೋಡುತ್ತಾರೆ. ಒಂದೇ ಮನೆಯವರು.

ಎಲ್ಲಕ್ಕೂ ಒಂದೇ ಸಂಸ್ಥೆ ಯಾಕಿಲ್ಲ ಎಂದು ಕೇಳಿದ್ದೀರಿ. ಆ ಯೋಚನೆ ಹಿಂದೆಯೇ ಬಂದಿತ್ತು. 2001ರಲ್ಲಿ ಸಂಪರ್ಕ ಕ್ಷೇತ್ರದ ಒಗ್ಗೂಡಿಕೆಯ ಮಸೂದೆಯೊಂದನ್ನು ಲೋಕಸಭೆಯಲ್ಲಿ ಮಂಡಿಸಿದ್ದರು. ತಂತಿ, ಮಾತು ಎರಡನ್ನೂ ಒಂದೇ ಆಯೋಗ ನೋಡಬೇಕು ಎನ್ನುವುದು ಅದರ ಸಾರ. ಅದು ಪಾಸಾಗದೆ ಬಿದ್ದುಹೋಯಿತು. ಬ್ರಿಟನ್‌ನಲ್ಲಿ ಆಫ್‌ಕಾಮ್ ಎಂಬ ಒಂದೇ ನಿಯಂತ್ರಣ ಸಂಸ್ಥೆ ಎರಡನ್ನೂ ನೋಡುತ್ತದೆ, 2023ರ ಕಾನೂನಿನ ನಂತರ ಆನ್‌ಲೈನ್ ಸುರಕ್ಷತೆಯನ್ನೂ. ಅಲ್ಲಿ ಅದು ದಿನನಿತ್ಯದ ಕೆಲಸದಲ್ಲಿ ಸಚಿವರಿಂದ ದೂರ ಇದೆ, ಸಂಸತ್ತಿಗೆ ಉತ್ತರ ಕೊಡುತ್ತದೆ. ನಮ್ಮಲ್ಲಿ ಟ್ರಾಯ್ ಅಧ್ಯಕ್ಷರನ್ನು ಕೇಂದ್ರ ಸರ್ಕಾರವೇ ನೇಮಿಸುತ್ತದೆ. ಮಾತಿನ ಅಧಿಕಾರವನ್ನೂ ಅಂಥ ಸಂಸ್ಥೆಗೆ ಕೊಟ್ಟರೆ ದರ ಪರಿಷ್ಕರಣೆಯ ಫೈಲು, ಸುದ್ದಿ ತೆಗೆಯುವ ಫೈಲು ಒಂದೇ ಮೇಜಿನ ಮೇಲೆ ಬಂದು ಕೂರುತ್ತವೆ. ಆಗ ಒಂದನ್ನು ತೋರಿಸಿ ಇನ್ನೊಂದನ್ನು ಮಾಡಿಸಿಕೊಳ್ಳಬಹುದು. ಆದ್ದರಿಂದ ನಾನು ಒಂದೇ ಸಂಸ್ಥೆಯ ಪರ ಇಲ್ಲ.

1995ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪನ್ನು ಇಲ್ಲಿ ಹೇಳಲೇಬೇಕು. 1993ರ ಹೀರೊ ಕಪ್ ಕ್ರಿಕೆಟ್ ಅನ್ನು ಯಾರು ಪ್ರಸಾರ ಮಾಡಬೇಕು ಎಂದು ಬಂಗಾಳ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ಜಗಳ ಆಗಿತ್ತು. ಸರ್ಕಾರ ಅದೇ 1885ರ ಕಾಯ್ದೆ ಹಿಡಿದು ಪ್ರಸಾರದ ಹಕ್ಕು ತನ್ನದು ಎಂದಿತು. ಗಾಳಿಯ ಅಲೆಗಳು ಜನರ ಆಸ್ತಿ, ಅವನ್ನು ನೋಡಿಕೊಳ್ಳಲು ಸರ್ಕಾರದಿಂದ ಸ್ವತಂತ್ರವಾದ ಸಾರ್ವಜನಿಕ ಸಂಸ್ಥೆ ಇರಬೇಕು ಎಂದು ನ್ಯಾಯಾಲಯ ಹೇಳಿತು. ಅಂಥ ಸಂಸ್ಥೆಯೊಂದು ಇವತ್ತಿಗೂ ಬಂದಿಲ್ಲ. ಬೇಕಾಗಿರುವುದು ಅದು.

ನೀವು ಈಗ ಮಾಡಬಹುದಾದದ್ದು ಇಷ್ಟು. ಟ್ರಾಯ್ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ. ಆದ್ದರಿಂದ ಚಾನೆಲ್ ವಿಷಯದಲ್ಲಿ ಮೊದಲು ಎಂಎಸ್‌ಒ ಗ್ರಾಹಕ ಕೇಂದ್ರಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಚಾನೆಲ್ ನಿಲ್ಲಿಸಿದ್ದಕ್ಕೆ ಕಾರಣ ಮತ್ತು ನೋಟಿಸಿನ ದಿನಾಂಕ ಲಿಖಿತವಾಗಿ ಕೇಳಿ. ಸರಿಯಾಗದಿದ್ದರೆ ಅವರ ನೋಡಲ್ ಅಧಿಕಾರಿಗೆ ಹೋಗಿ. ಅಲ್ಲೂ ಆಗದಿದ್ದರೆ 1915 ಗ್ರಾಹಕ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಮೊಬೈಲ್ ಸೇವೆಯ ದೂರನ್ನೂ ಗ್ರಾಹಕ ಆಯೋಗಕ್ಕೆ ಒಯ್ಯಬಹುದು ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಟಿವಿ ಕಾರ್ಯಕ್ರಮದ ವಿಷಯದ ಬಗ್ಗೆಯೇ ಆಕ್ಷೇಪ ಇದ್ದರೆ ದಾರಿ ಬೇರೆ. ಮೊದಲು ಚಾನೆಲ್‌ಗೇ ಬರೆಯಬೇಕು. 2021ರ ನಿಯಮದಂತೆ ಅವರು 15 ದಿನದಲ್ಲಿ ಉತ್ತರ ಕೊಡಬೇಕು.

ವಿಡಿಯೊ ನೀವೇ ಹಾಕಿದ್ದಾಗಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು ಯಾವ ಕಾನೂನಿನಡಿ ತೆಗೆದರು ಎಂದು ಕೇಳಿ. ಕಂಪನಿಯೇ ತೆಗೆದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಸರ್ಕಾರದ ಆದೇಶವಾಗಿದ್ದರೆ ಹೈಕೋರ್ಟ್ ರಿಟ್ ಅರ್ಜಿಯೇ ದಾರಿ.

ನಿಮ್ಮ ಮಗಳಿಗೆ ಹೇಳಿ, ಆ ಎರಡು ದಿನದ ನೆಟ್ ಕಡಿತದ ಆದೇಶವನ್ನು ರಾಜ್ಯ ಗೃಹ ಇಲಾಖೆಯಿಂದ ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಲಿ. ಆದೇಶದ ಪ್ರತಿ, ಅದನ್ನು ಪ್ರಕಟಿಸಿದ ದಿನಾಂಕ, ಪರಿಶೀಲನಾ ಸಮಿತಿ ಸೇರಿದ ದಿನಾಂಕ, ಈ ಮೂರನ್ನೇ ಕೇಳಿದರೆ ಸಾಕು. ಉತ್ತರಕ್ಕೆ 30 ದಿನ ಸಮಯ ಇರುತ್ತದೆ.